ಬೀಗ ಬೇರೆ, ಬೀಗದ ಕೈ ಬೇರೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



"ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲ, ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡು" ಎಂದು ಸಮಿತಿಯವರು ಫೋನು ಮಾಡಿದರು. ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಬಹುದಿತ್ತು. ಅದನ್ನು ಈಗ ಮದುವೆ ಮನೆಯ ಪಂಕ್ತಿಯಲ್ಲೂ ಮಾತಾಡುತ್ತಾರೆ, ನಾನು ಹೊಸದಾಗಿ ಸೇರಿಸುವುದೇನೂ ಇಲ್ಲ. ಅದರ ಬದಲು ಎರಡು ಸಾವಿರ ವರ್ಷ ಹಳೆಯದೊಂದು ವಿಷಯ ತಂದಿದ್ದೇನೆ. ಗುಪ್ತಲಿಪಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಮಾತ್ರ ತಿಳಿಯಬೇಕು, ನಡುವೆ ಓದಿದವರಿಗೆ ತಿಳಿಯಬಾರದು. ಅದಕ್ಕೆ ಮನುಷ್ಯರು ಮಾಡಿದ ಉಪಾಯಗಳು, ಆ ಉಪಾಯಗಳನ್ನು ಮುರಿದ ಉಪಾಯಗಳು.

ಕಳೆದ ನಾಲ್ಕು ಶನಿವಾರ ಇಲ್ಲಿಯ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳ ಜೊತೆ ಕಂಪ್ಯೂಟರ್ ಕೋಣೆಯಲ್ಲಿ ಕೂತಿದ್ದೆ. ಅದಕ್ಕೆಂದು ಒಂದು ಪುಟ್ಟ ಸಾಧನ ಬರೆದೆ. ದೊಡ್ಡದೇನಲ್ಲ, ಪೆನ್‌ಡ್ರೈವಿನಲ್ಲಿ ಹಾಕಿ ತರಬಹುದಾದ ಒಂದೇ ಕಡತ, ಇಂಟರ್‌ನೆಟ್ ಬೇಕಿಲ್ಲ. ತೆರೆದರೆ ಮೇಲೊಂದು ಚೌಕ, ಅಲ್ಲಿ ನಿಮ್ಮ ಮಾತು ಬರೆಯಬೇಕು. ನಡುವೆ ಒಂದು ಸಂಖ್ಯೆ, ಅದೇ ಬೀಗದ ಕೈ. ಕೆಳಗಿನ ಚೌಕದಲ್ಲಿ ಗುಪ್ತಲಿಪಿ ಬರುತ್ತದೆ. ಪಕ್ಕದಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂಬ ಪಟ್ಟಿ. ಇಷ್ಟೇ. ಇದಕ್ಕಿಂತ ನೂರು ಪಾಲು ದೊಡ್ಡ ಸಾಧನಗಳು ಉಚಿತವಾಗಿ ಸಿಗುತ್ತವೆ. ಜರ್ಮನಿಯಲ್ಲಿ 1998ರಲ್ಲಿ ಶುರುವಾದ ಕ್ರಿಪ್‌ಟೂಲ್ ಇದೆ, ಬ್ರಿಟನ್ನಿನ ಗುಪ್ತಚರ ಸಂಸ್ಥೆಯೇ 2016ರಲ್ಲಿ ಹೊರಬಿಟ್ಟ ಸೈಬರ್‌ಷೆಫ್ ಇದೆ. ಆದರೆ ಮೊದಲ ದಿನವೇ ಮುನ್ನೂರು ಗುಂಡಿಗಳಿರುವ ಯಂತ್ರದ ಮುಂದೆ ಕೂರಿಸಿದರೆ ಮಕ್ಕಳು ಗುಂಡಿ ಒತ್ತುವುದನ್ನು ಕಲಿಯುತ್ತಾರೆ, ಲೆಕ್ಕ ಕಲಿಯುವುದಿಲ್ಲ.

ಮೊದಲ ಶನಿವಾರ ಜೂಲಿಯಸ್ ಸೀಸರ್. ರೋಮಿನ ಸೇನಾಪತಿ. ಆತ ತನ್ನ ಗುಟ್ಟಿನ ಪತ್ರಗಳಲ್ಲಿ ಪ್ರತಿ ಅಕ್ಷರವನ್ನೂ ಮೂರು ಮನೆ ಮುಂದಕ್ಕೆ ತಳ್ಳಿ ಬರೆಯುತ್ತಿದ್ದ ಎಂದು ಸ್ಯೂಟೋನಿಯಸ್ ಎಂಬ ಚರಿತ್ರಕಾರ ಬರೆದಿಟ್ಟಿದ್ದಾನೆ. ಎ ಬದಲು ಡಿ, ಬಿ ಬದಲು ಇ. ಸ್ಕೂಲ್ ಎಂಬ ಇಂಗ್ಲಿಷ್ ಪದದಲ್ಲಿ ಎಸ್, ಸಿ, ಎಚ್, ಓ, ಓ, ಎಲ್ ಇವೆ. ಮೂರು ಮನೆ ತಳ್ಳಿದರೆ ವಿ, ಎಫ್, ಕೆ, ಆರ್, ಆರ್, ಓ. ನೋಡಿದವರಿಗೆ ಅರ್ಥವಿಲ್ಲದ ಗೊಂದಲ. ಮಕ್ಕಳಿಗೆ ಬಹಳ ಖುಷಿಯಾಯಿತು, ಒಬ್ಬರಿಗೊಬ್ಬರು ಚೀಟಿ ಬರೆದರು. ಚೀಟಿಗಳಲ್ಲಿ ಏನಿತ್ತು ಎಂದು ಗುರುಗಳ ಮುಂದೆ ಹೇಳುವುದಿಲ್ಲ.

ಹತ್ತು ನಿಮಿಷದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನದಲ್ಲದ ಚೀಟಿಯನ್ನು ಓದಿಬಿಟ್ಟ. ಹೇಗೆ? ಸಾಧನದ ಸಂಖ್ಯೆಯನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿದ. ಇಂಗ್ಲಿಷಿನಲ್ಲಿ 26 ಅಕ್ಷರ, ತಳ್ಳಲು ಇರುವ ದಾರಿ 25. ಇಪ್ಪತ್ತೈದು ಬೀಗದ ಕೈಗಳ ಗೊಂಚಲು ಕೈಯಲ್ಲಿದ್ದರೆ ಯಾವ ಬೀಗ ತಾನೇ ಉಳಿದೀತು? "ಸಾರ್, ಇದು ಬೀಗ ಅಲ್ಲ, ಬರೀ ಅಗುಳಿ" ಎಂದ. ನಾನು ಎಂಜಿನಿಯರಿಂಗ್ ಓದುವಾಗ ಇದೇ ಮಾತನ್ನು ಪುಸ್ತಕ ಎರಡು ಪುಟದಲ್ಲಿ ಹೇಳಿತ್ತು.

ನಮ್ಮಲ್ಲೂ ಇಂಥ ಆಟ ಇತ್ತು. ನಾವು ಓದುವಾಗ ಹುಡುಗಿಯರು ಕ ಭಾಷೆ ಮಾತಾಡುತ್ತಿದ್ದರು. ಪ್ರತಿ ಅಕ್ಷರದ ಹಿಂದೆ ಒಂದು ಕ. "ನಾಳೆ ಬಾ" ಎನ್ನಲು "ಕನಾಕಳೆ ಕಬಾ". ವೇಗವಾಗಿ ಹೇಳಿದರೆ ಹುಡುಗರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಹಳೆಯ ಗ್ರಂಥಗಳಲ್ಲೂ ಇದೆ. ವಾತ್ಸ್ಯಾಯನ ಪಟ್ಟಿ ಮಾಡಿದ 64 ಕಲೆಗಳಲ್ಲಿ ಮ್ಲೇಚ್ಛಿತ ವಿಕಲ್ಪ ಒಂದು, ಎಂದರೆ ಗುಟ್ಟಾಗಿ ಬರೆಯುವ, ಮಾತಾಡುವ ಕಲೆ. ಅದಕ್ಕೆ ವ್ಯಾಖ್ಯಾನ ಬರೆದ ಯಶೋಧರ, ಮೂಲದೇವನ ಹೆಸರಿನ ಒಂದು ವಿಧಾನ ಕೊಡುತ್ತಾನೆ. ಅಕ್ಷರಗಳನ್ನು ಜೋಡಿ ಮಾಡಿ ಅದಲು ಬದಲು ಮಾಡುವುದು. ಖ ಮತ್ತು ಗ ಒಂದು ಜೋಡಿ, ಚ ಮತ್ತು ಟ, ತ ಮತ್ತು ಪ, ನ ಮತ್ತು ಮ. ನಟ ಎಂದು ಬರೆಯಬೇಕಾದರೆ ಮಚ. ಮಚ ಎಂಬುದನ್ನು ಮತ್ತೆ ಅದೇ ರೀತಿ ಬದಲಿಸಿದರೆ ನಟ ತಿರುಗಿ ಬರುತ್ತಾನೆ. ಬೀಗ ಹಾಕುವುದೂ ತೆಗೆಯುವುದೂ ಒಂದೇ ಕ್ರಿಯೆ. ಬಹಳ ಅಚ್ಚುಕಟ್ಟು.

ಎರಡನೆಯ ಶನಿವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು, "ಸಾರ್, ಕನ್ನಡದಲ್ಲಿ ಯಾಕೆ ಆಗಲ್ಲ?" ನಾನು ಈ ಪ್ರಶ್ನೆಗೇ ಕಾಯುತ್ತಿದ್ದೆ. ಬೇಕೆಂದೇ ಸಾಧನವನ್ನು ಇಂಗ್ಲಿಷಿಗೆ ಮಾಡಿದಂತೆಯೇ ಕನ್ನಡಕ್ಕೂ ಬಿಟ್ಟಿದ್ದೆ. "ಆಗುತ್ತೆ ನೋಡಮ್ಮ, ಹಾಕಿ ನೋಡು" ಎಂದೆ. ಆಕೆ "ಶಾಲೆ" ಎಂದು ಟೈಪು ಮಾಡಿ ಮೂರು ಮನೆ ತಳ್ಳಿದಳು. ಬಂದದ್ದು "ಹುವ", ಅದರ ಮುಂದೆ ಒಂದು ಖಾಲಿ ಡಬ್ಬಿ. "ಮರ" ಎಂದು ಹಾಕಿದಳು. "ಱಳ" ಬಂತು. ಮೊದಲ ಅಕ್ಷರವನ್ನು ಅವರು ಯಾರೂ ನೋಡಿರಲಿಲ್ಲ. ಹಳಗನ್ನಡದ ಶಕಟರೇಫ! ಕನ್ನಡ ಮೇಡಂ ಅವರನ್ನು ಸ್ಟಾಫ್ ರೂಮಿನಿಂದ ಕರೆದುಕೊಂಡು ಬಂದರು. ಅವರು ಅರ್ಧ ಗಂಟೆ ಱ ಮತ್ತು ೞ ಅಕ್ಷರಗಳ ಪಾಠ ಮಾಡಿದರು. ಆವತ್ತಿನ ನನ್ನ ಪಾಠಕ್ಕಿಂತ ಅದೇ ಚೆನ್ನಾಗಿತ್ತು.

ಇದು ಯಾಕೆ ಹೀಗಾಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಫೋನಿನಲ್ಲಿ ಕನ್ನಡ ಕಾಣುತ್ತದಲ್ಲ, ಒಳಗೆ ಅದು ಅಕ್ಷರವಲ್ಲ, ಸಂಖ್ಯೆ. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಬೀದಿ, ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ ನಂಬರು. ಕನ್ನಡದ ಬೀದಿಯಲ್ಲಿ 128 ಮನೆ. ಅದರಲ್ಲಿ ಸ್ವರಕ್ಕೊಂದು ಮನೆ, ವ್ಯಂಜನಕ್ಕೊಂದು ಮನೆ, ಗುಣಿತಾಕ್ಷರದ ಚಿಹ್ನೆಗಳಿಗೆ ಬೇರೆ ಬೇರೆ ಮನೆ. "ಶಾಲೆ" ನಮ್ಮ ಬಾಯಿಗೆ ಎರಡಕ್ಷರ. ಕಂಪ್ಯೂಟರಿಗೆ ನಾಲ್ಕು ಸಂಖ್ಯೆ: ಶ, ದೀರ್ಘದ ಚಿಹ್ನೆ, ಲ, ಎತ್ವ. "ಸ್ತ್ರೀ" ನಮಗೆ ಒಂದೇ ಅಕ್ಷರ, ಅದಕ್ಕೆ ಆರು ಸಂಖ್ಯೆ. ಇನ್ನು ಖಾಲಿ ಡಬ್ಬಿ ಯಾಕೆ? ಬೀದಿಯಲ್ಲಿ ಕೆಲವು ನಿವೇಶನ ಖಾಲಿ ಬಿಟ್ಟಿದ್ದಾರೆ. ಭಾರತೀಯ ಲಿಪಿಗಳಿಗೆಲ್ಲ ಒಂದೇ ನಕ್ಷೆ ಇಟ್ಟುಕೊಂಡು ಬೀದಿ ಹಾಕಿದ್ದರಿಂದ, ತಮಿಳಿನಲ್ಲಿ ಅಕ್ಷರವಿದ್ದು ನಮ್ಮಲ್ಲಿ ಇಲ್ಲದ ಕಡೆ ನಮ್ಮ ನಿವೇಶನ ಖಾಲಿ. ನ ಆದಮೇಲೆ ಒಂದು ಖಾಲಿ, ಆಮೇಲೆ ಪ. ಹಾಗಾಗಿ ದ ಅಕ್ಷರವನ್ನು ಮೂರು ಮನೆ ತಳ್ಳಿದರೆ ಅದು ಖಾಲಿ ನಿವೇಶನದಲ್ಲಿ ಹೋಗಿ ನಿಲ್ಲುತ್ತದೆ.

ಸರಿ, ಏನು ಮಾಡಬೇಕು? ಇದನ್ನು ಮಕ್ಕಳೇ ತೀರ್ಮಾನಿಸಲಿ ಎಂದು ಬಿಟ್ಟೆ. ಒಂದು ಗಂಟೆ ಜಗಳವಾಡಿದರು. ಕ್ಷ ಒಂದು ಅಕ್ಷರವೋ ಎರಡೋ? ಅನುಸ್ವಾರವನ್ನು ತಳ್ಳುವುದೋ ಬೇಡವೋ? ಸ್ವರಕ್ಕೆ ಬೇರೆ ಚಕ್ರ ಬೇಕೋ? ಕೊನೆಗೆ ಒಪ್ಪಂದವಾಯಿತು. ಕ ಇಂದ ಳ ತನಕ ನಮ್ಮ ವರ್ಣಮಾಲೆಯ 34 ವ್ಯಂಜನಗಳನ್ನು ಮಾತ್ರ ಚಕ್ರದ ಹಾಗೆ ತಿರುಗಿಸುವುದು, ಳ ಆದಮೇಲೆ ಮತ್ತೆ ಕ. ಸ್ವರ, ಗುಣಿತದ ಚಿಹ್ನೆ, ಅನುಸ್ವಾರ ಇದ್ದಲ್ಲೇ ಇರಲಿ. ಹೀಗೆ ಮಾಡಿದರೆ ಶಾಲೆ "ಹಾಷೆ" ಆಗುತ್ತದೆ, ಕಮಲ "ಘಲಷ" ಆಗುತ್ತದೆ, ಊಟ "ಊಢ" ಆಗುತ್ತದೆ. ಓದಬಹುದು, ಅರ್ಥ ಮಾತ್ರ ಇಲ್ಲ. ಆ ರಾತ್ರಿ ನಾನು ಸಾಧನದಲ್ಲಿ ಹನ್ನೆರಡು ಸಾಲು ಬದಲಿಸಿದೆ. ನಿಯಮ ಮಾತ್ರ ಅವರದು.

ಆಮೇಲೆ ಅವರು ಇನ್ನೂ ಗಟ್ಟಿ ಬೀಗ ಕೇಳಿದರು. ಎಲ್ಲ ಅಕ್ಷರವನ್ನೂ ಒಂದೇ ಅಳತೆಯಲ್ಲಿ ತಳ್ಳುವ ಬದಲು ಕಲಸಿಬಿಟ್ಟರೆ? ಎ ಬದಲು ಕ್ಯೂ, ಬಿ ಬದಲು ಎಂ, ಹೀಗೆ ಮನಸ್ಸಿಗೆ ಬಂದಂತೆ. ಆಗ 26 ಅಕ್ಷರಗಳನ್ನು ಕಲಸುವ ದಾರಿಗಳು ಎಷ್ಟು ಎಂದರೆ, 4 ಬರೆದು ಅದರ ಮುಂದೆ 26 ಸೊನ್ನೆ ಇಟ್ಟಷ್ಟು. ಗಣಿತ ಮೇಷ್ಟ್ರು ಇಲ್ಲೇ ಇದ್ದಾರೆ, ಕ್ರಮಯೋಜನೆ ಪಾಠ ನೆನಪು ಮಾಡಿಕೊಳ್ಳಿ. ಒಂದೊಂದೇ ಪ್ರಯತ್ನಿಸಿದರೆ ಯಾರ ಆಯುಷ್ಯವೂ ಸಾಲದು. ಆದರೂ ಈ ಬೀಗವನ್ನು ಒಂಬತ್ತನೆಯ ಶತಮಾನದಲ್ಲೇ ಬಾಗ್ದಾದಿನ ಅಲ್-ಕಿಂದಿ ಎಂಬ ಪಂಡಿತ ಮುರಿದ. ಬರೀ ಎಣಿಸಿ. ಯಾವ ಭಾಷೆಯಲ್ಲೂ ಎಲ್ಲ ಅಕ್ಷರಗಳು ಸಮನಾಗಿ ಬರುವುದಿಲ್ಲ. ಇಂಗ್ಲಿಷಿನಲ್ಲಿ ನೂರಕ್ಕೆ ಸುಮಾರು ಹನ್ನೆರಡು ಸಲ ಇ ಎಂಬ ಅಕ್ಷರವೇ ಬರುತ್ತದೆ. ನೀವು ಅದಕ್ಕೆ ಯಾವ ವೇಷ ಹಾಕಿದರೂ, ಗುಂಪಿನಲ್ಲಿ ಅತಿ ಹೆಚ್ಚು ಸಲ ಕಾಣುವ ವೇಷಧಾರಿ ಅದೇ ಇರಬೇಕು ಎಂದು ಊಹಿಸಬಹುದು. ಯಕ್ಷಗಾನದಲ್ಲಿ ಬಣ್ಣ ಬದಲಾದರೂ ನಡಿಗೆ ನೋಡಿ ಕಲಾವಿದನ ಗುರುತು ಹಿಡಿಯುವುದಿಲ್ಲವೇ, ಹಾಗೆ.

ಮಕ್ಕಳು ಕನ್ನಡ ಪಠ್ಯದ ಒಂದು ಪಾಠವನ್ನು ಸಾಧನಕ್ಕೆ ಹಾಕಿ ಎಣಿಸಿದರು. ರ, ನ, ದ, ತ, ಲ ಮುಂದಿನ ಸಾಲಿನಲ್ಲಿ ಬಂದವು. ಛ, ಝ, ಠ ಕೊನೆಯ ಬೆಂಚು. ಙ ಮತ್ತು ಞ ಗೈರುಹಾಜರು.

ಇಲ್ಲಿ ಒಂದು ನಿಜವಾದ ಕತೆ ಹೇಳಬೇಕು. ಸ್ಕಾಟ್ಲೆಂಡಿನ ರಾಣಿ ಮೇರಿ ಇಂಗ್ಲೆಂಡಿನಲ್ಲಿ ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದಳು. 1586ರಲ್ಲಿ ಆಂಥನಿ ಬಾಬಿಂಗ್ಟನ್ ಎಂಬ ತರುಣ ಮತ್ತವನ ಗೆಳೆಯರು ಆಕೆಯನ್ನು ಬಿಡಿಸಿ, ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳನ್ನು ಕೊಲ್ಲುವ ಸಂಚು ಹೂಡಿದರು. ಪತ್ರಗಳು ಬಿಯರ್ ಪೀಪಾಯಿಯಲ್ಲಿ ಅಡಗಿ ಸೆರೆಮನೆಗೆ ಹೋಗಿ ಬರುತ್ತಿದ್ದವು. ಅಕ್ಷರಕ್ಕೊಂದು ಚಿಹ್ನೆ, ಕೆಲವು ಪದಗಳಿಗೇ ಒಂದೊಂದು ಚಿಹ್ನೆ ಇಟ್ಟ ಗುಪ್ತಲಿಪಿ. ಆದರೆ ಆ ಪೀಪಾಯಿಯ ದಾರಿಯೇ ಎಲಿಜಬೆತ್‌ಳ ಮಂತ್ರಿ ವಾಲ್ಸಿಂಗ್‌ಹ್ಯಾಮ್‌ನ ಕೈಯಲ್ಲಿತ್ತು. ಪತ್ರಗಳನ್ನು ಆತನ ಬಂಟ ಥಾಮಸ್ ಫೆಲಿಪ್ಸ್ ಬಿಡಿಸಿ ಓದಿ, ನಕಲು ಮಾಡಿಕೊಳ್ಳುತ್ತಿದ್ದ, ಆಮೇಲೆ ಮತ್ತೆ ಮುದ್ರೆ ಹಾಕಿ ಕಳಿಸುತ್ತಿದ್ದರು. ಮೇರಿಯ ಒಪ್ಪಿಗೆಯ ಪತ್ರದ ಕೊನೆಗೆ, ಕೊಲ್ಲಲು ಹೊರಟ ಆರು ಜನರ ಹೆಸರು ತಿಳಿಸು ಎಂಬ ಸಾಲನ್ನು ಅದೇ ಗುಪ್ತಲಿಪಿಯಲ್ಲಿ ಫೆಲಿಪ್ಸ್ ತಾನೇ ಸೇರಿಸಿದ. 1587ರ ಫೆಬ್ರವರಿ 8ರಂದು ಮೇರಿಯ ತಲೆ ಹೋಯಿತು. ಗುಪ್ತಲಿಪಿಯೇ ಇಲ್ಲದಿದ್ದರೆ ಆಕೆ ಅಷ್ಟು ಬಿಡಿಸಿ ಬರೆಯುತ್ತಿರಲಿಲ್ಲ, ಸೂಚನೆಯಲ್ಲಿ ಮಾತಾಡುತ್ತಿದ್ದಳು. ಬೀಗ ಇದೆ ಎಂಬ ನಂಬಿಕೆಯೇ ಆಕೆಯನ್ನು ತೆಗೆದುಕೊಂಡು ಹೋಯಿತು ಎಂದು ನನಗೆ ಅನಿಸುತ್ತದೆ. ಈ ಕತೆ ಹೇಳಿದ ದಿನ ಊಟದ ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಮೂರನೆಯ ಶನಿವಾರ ವಿಜನೇರ್ ಎಂಬ ಗುಪ್ತಲಿಪಿ. ಫ್ರಾನ್ಸಿನ ವಿಜನೇರ್‌ನ ಹೆಸರು ಅಂಟಿಕೊಂಡಿದೆ, ಆದರೆ 1553ರಲ್ಲೇ ಅದನ್ನು ವಿವರಿಸಿದವನು ಇಟಲಿಯ ಬೆಲ್ಲಾಸೊ. ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು. ಕಂಪನಿಗಳಲ್ಲೂ ಇದು ನಡೆಯುತ್ತದೆ, ಇರಲಿ. ಇಲ್ಲಿ ಬೀಗದ ಕೈ ಒಂದು ಸಂಖ್ಯೆಯಲ್ಲ, ಒಂದು ಪದ. ಆ ಪದದ ಮೊದಲ ಅಕ್ಷರದ ಅಳತೆಯಲ್ಲಿ ಮೊದಲ ಅಕ್ಷರವನ್ನು ತಳ್ಳು, ಎರಡನೆಯದರ ಅಳತೆಯಲ್ಲಿ ಎರಡನೆಯದನ್ನು. ಪದ ಮುಗಿದರೆ ಮತ್ತೆ ಮೊದಲಿಂದ. ಒಂದೇ ಅಕ್ಷರ ಒಂದು ಕಡೆ ಒಂದು ವೇಷ, ಇನ್ನೊಂದು ಕಡೆ ಇನ್ನೊಂದು ವೇಷ ಹಾಕುತ್ತದೆ. ಅಲ್-ಕಿಂದಿಯ ಎಣಿಕೆ ನೇರವಾಗಿ ಕೆಲಸ ಮಾಡುವುದಿಲ್ಲ. ಮುನ್ನೂರು ವರ್ಷ ಇದನ್ನು ಮುರಿಯಲಾಗದು ಎಂದೇ ನಂಬಿದ್ದರು.

ಮುರಿದದ್ದು ಹೇಗೆ? ಸಂಗೀತ ಗೊತ್ತಿರುವವರಿಗೆ ಸುಲಭವಾಗಿ ಹೇಳಬಹುದು. ಆದಿತಾಳಕ್ಕೆ ಎಂಟು ಅಕ್ಷರಕಾಲ. ಹಾಡಿನ ಒಂದು ತುಣುಕು ತಾಳದ ಮೊದಲ ಪೆಟ್ಟಿಗೆ ಬಿದ್ದು, ಅದೇ ತುಣುಕು ಹದಿನಾರು ಅಕ್ಷರ ಕಳೆದು ಮತ್ತೆ ಬಂದರೆ ಮತ್ತೆ ಮೊದಲ ಪೆಟ್ಟಿಗೇ ಬೀಳುತ್ತದೆ. ಬೀಗದ ಪದವೂ ತಾಳದ ಹಾಗೆ ಸುತ್ತುತ್ತಿರುತ್ತದೆ. ಒಂದೇ ಪದ ತಾಳದ ಒಂದೇ ಜಾಗಕ್ಕೆ ಎರಡು ಸಲ ಬಿದ್ದರೆ ಗುಪ್ತಲಿಪಿಯಲ್ಲೂ ಒಂದೇ ತುಣುಕು ಎರಡು ಸಲ ಕಾಣುತ್ತದೆ. ಆ ಎರಡರ ನಡುವಿನ ಅಂತರ ಎಣಿಸಿ. 24, 40, 56 ಹೀಗೆ ಸಿಕ್ಕರೆ, ಅವುಗಳ ಮಹತ್ತಮ ಸಾಮಾನ್ಯ ಅಪವರ್ತನ 8. ತಾಳ ಸಿಕ್ಕಿತು! ಆಮೇಲೆ ಎಂಟೆಂಟರಂತೆ ಬಿಡಿಸಿಟ್ಟರೆ ಅದು ಎಂಟು ಸೀಸರ್ ಬೀಗಗಳ ಸಾಲು, ಅಷ್ಟೇ. ಜರ್ಮನಿಯ ಕಸಿಸ್ಕಿ ಇದನ್ನು 1863ರಲ್ಲಿ ಪ್ರಕಟಿಸಿದ. ಅದಕ್ಕೂ ಮೊದಲೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್, ಕಂಪ್ಯೂಟರಿನ ಪಿತಾಮಹ ಎಂದು ನೀವು ಪಾಠದಲ್ಲಿ ಓದುವವನು, ಕಂಡುಕೊಂಡು ಸುಮ್ಮನಿದ್ದ. ಮ.ಸಾ.ಅ. ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಸಂಗೀತದ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಕಟಪಯಾದಿ ಎಂದು ಒಂದು ಪದ್ಧತಿ ಇದೆ, ಅಕ್ಷರಗಳನ್ನು ಅಂಕಿಯಾಗಿ ಓದುವುದು. ಮೇಚಕಲ್ಯಾಣಿ ಎಂಬ ರಾಗದ ಮೊದಲ ಎರಡಕ್ಷರ ಮೇ, ಚ. ಮ ಎಂದರೆ 5, ಚ ಎಂದರೆ 6. ತಿರುಗಿಸಿ ಓದಿದರೆ 65. ಅದು 65ನೆಯ ಮೇಳಕರ್ತ. ಮಾಯಾಮಾಳವಗೌಳ 15, ಧೀರಶಂಕರಾಭರಣ 29. ಇದು ಗುಪ್ತಲಿಪಿಯೇ? ಅಲ್ಲ. ನಿಯಮ ಎಲ್ಲರಿಗೂ ಗೊತ್ತು, ಬೀಗದ ಕೈ ಎಂಬುದೇ ಇಲ್ಲ. ಮುಚ್ಚಿಡಲು ಅಲ್ಲ, ನೆನಪಿಡಲು ಮಾಡಿದ ಉಪಾಯ. ಈ ವ್ಯತ್ಯಾಸ ಸಣ್ಣದು ಎನಿಸಬಹುದು. ನನ್ನ ಕೆಲಸದಲ್ಲಿ, ಹೆಸರು ಬೇಡ, ಸಾವಿರಾರು ಜನರ ಪಾಸ್‌ವರ್ಡುಗಳನ್ನು ಹೀಗೆ ರೂಪ ಬದಲಿಸಿ ಮಾತ್ರ ಇಟ್ಟಿದ್ದ ಕಡೆ ನೋಡಿದ್ದೇನೆ. "ಓದಕ್ಕಾಗಲ್ಲವಲ್ಲ, ಭದ್ರ ಇದೆ" ಎಂದರು. ನಮ್ಮ ಎಂಟನೆಯ ತರಗತಿಯವರು ಎರಡು ನಿಮಿಷದಲ್ಲಿ ಓದುತ್ತಿದ್ದರು.

1883ರಲ್ಲಿ ಕೆರ್ಕ್‌ಹಾಫ್ಸ್ ಎಂಬ ಮೇಷ್ಟ್ರು, ಭಾಷೆ ಕಲಿಸುತ್ತಿದ್ದವರು, ಒಂದು ಮಾತು ಬರೆದರು. ಬೀಗದ ರಚನೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟು ಬೀಗದ ಕೈಯಲ್ಲಿ ಮಾತ್ರ ಇರಬೇಕು ಎಂಬುದು ಅದರ ಸಾರ. ನಿಮ್ಮ ಫೋನಿನಲ್ಲಿ ಹಣ ಕಳಿಸುವಾಗ ಕೆಲಸ ಮಾಡುವ ಬೀಗಗಳಲ್ಲಿ ಎಇಎಸ್ ಎಂಬುದು ಮುಖ್ಯವಾದದ್ದು. ಬೆಲ್ಜಿಯಂನ ಇಬ್ಬರು ಮಾಡಿದ್ದು, 2001ರಲ್ಲಿ ಅಮೆರಿಕದಲ್ಲಿ ಮಾನಕವಾಯಿತು. ಅದರ ಪ್ರತಿ ಹೆಜ್ಜೆಯೂ ಪ್ರಕಟವಾಗಿದೆ, ಯಾರು ಬೇಕಾದರೂ ಓದಬಹುದು. ಬೀಗದ ಕೈಗಳ ಸಂಖ್ಯೆ, ಚಿಕ್ಕದರಲ್ಲೇ, 39 ಅಂಕಿಯದು. ಜಗತ್ತಿನ ಬುದ್ಧಿವಂತರೆಲ್ಲ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲುಗಾಡಿಸಿ ನೋಡಿದ್ದಾರೆ, ಬಳಕೆಯಲ್ಲಿ ಮುರಿಯಲು ಆಗಿಲ್ಲ.

ಹಾಗಾದರೆ ನಮ್ಮೂರಿನವರ ದುಡ್ಡು ಹೇಗೆ ಹೋಗುತ್ತಿದೆ? ಕಳೆದ ವರ್ಷ ನಮ್ಮ ಬೀದಿಯ ಒಬ್ಬ ಅಕ್ಕನಿಗೆ, ಅಂಗನವಾಡಿಯಲ್ಲಿ ಕೆಲಸ ಮಾಡುವವರು, ಒಂದು ಫೋನು ಬಂತು. ಬ್ಯಾಂಕಿನಿಂದ ಎಂದರು. ಒಳ್ಳೆಯ ಕನ್ನಡ, ಬಹಳ ಮರ್ಯಾದೆಯ ಮಾತು. "ಮೇಡಂ, ನಿಮ್ಮ ಖಾತೆ ನಿಂತುಹೋಗುತ್ತೆ, ಈಗ ಒಂದು ನಂಬರ್ ಬರುತ್ತೆ, ಹೇಳಿ." ಬಂದ ಸಂದೇಶ ಇಂಗ್ಲಿಷಿನಲ್ಲಿತ್ತು. ಯಾರಿಗೂ ಹೇಳಬೇಡಿ ಎಂಬ ಸಾಲು ಅದರಲ್ಲೇ ಇತ್ತು, ಇಂಗ್ಲಿಷಿನಲ್ಲೇ. ಅಕ್ಕ ಆರು ಅಂಕಿ ಓದಿ ಹೇಳಿದರು. ಮಗಳ ಕಾಲೇಜು ಫೀಸಿಗೆಂದು ಇಟ್ಟದ್ದು ಹೋಯಿತು. ಯಾವ ಕಳ್ಳನೂ ಎಇಎಸ್ ಮುರಿಯಲಿಲ್ಲ. ಮುರಿಯುವ ಅಗತ್ಯವೇ ಇರಲಿಲ್ಲ. ಒಟಿಪಿ ಎಂದರೆ ಅದೇ, ಆ ಕ್ಷಣದ ಬೀಗದ ಕೈ. ಆರು ಅಂಕಿಗೆ ಹತ್ತು ಲಕ್ಷ ಸಾಧ್ಯತೆ ಮಾತ್ರ, ಯಂತ್ರಕ್ಕೆ ಅದು ಏನೇನೂ ಅಲ್ಲ. ಅದಕ್ಕೇ ಅದು ಕೆಲವೇ ನಿಮಿಷ ಬದುಕುತ್ತದೆ, ಎರಡು ಮೂರು ಸಲ ತಪ್ಪು ಹಾಕಿದರೆ ಬಾಗಿಲು ಮುಚ್ಚುತ್ತದೆ. ಹಾಗಾಗಿ ಕಳ್ಳನಿಗೆ ಉಳಿದಿರುವ ಸುಲಭದ ದಾರಿ ಒಂದೇ, ನಿಮ್ಮ ಬಾಯಿ. ಅವಸರ ಮಾಡುವುದು, ಹೆದರಿಸುವುದು ಅದಕ್ಕಾಗಿಯೇ.

ಆ ಅಕ್ಕನಿಗೆ ಓದು ಬರುವುದಿಲ್ಲವೆಂದಲ್ಲ. ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದವರು. ಓದಿದ ಎಂಜಿನಿಯರುಗಳೂ, ನಿವೃತ್ತ ಅಧಿಕಾರಿಗಳೂ ಹೀಗೆ ಕಳೆದುಕೊಂಡಿದ್ದಾರೆ. ಆದರೆ ಎಚ್ಚರಿಕೆಯ ಆ ಒಂದು ಸಾಲು ಕನ್ನಡದಲ್ಲಿ, ಮೊದಲ ಸಾಲಿನಲ್ಲಿ ಇದ್ದಿದ್ದರೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ನನ್ನ ವೃತ್ತಿಯವರೇ ಬರೆಯುವ ಸಾಲು ಅದು. ಹೋದ ತಕ್ಷಣ 1930ಕ್ಕೆ ಫೋನು ಮಾಡಬೇಕೆಂಬುದೂ ಅಕ್ಕನಿಗೆ ಮಾರನೆಯ ದಿನ ಗೊತ್ತಾಯಿತು. ದಯವಿಟ್ಟು ಎಲ್ಲರೂ ಆ ನಂಬರು ಬರೆದುಕೊಳ್ಳಿ: 1930. ಎಷ್ಟು ಬೇಗ ತಿಳಿಸುತ್ತೀರೋ, ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ನಾಲ್ಕನೆಯ ಶನಿವಾರ ಮಕ್ಕಳು ಒಂದು ನಾಟಕ ಕಟ್ಟಿದರು. ಒಬ್ಬ ಬ್ಯಾಂಕಿನವನಂತೆ ಫೋನು ಮಾಡುವವನು, ಒಬ್ಬಳು ಅಜ್ಜಿ. ಅಜ್ಜಿ ಏನು ಕೇಳಿದರೂ ಕ ಭಾಷೆಯಲ್ಲೇ ಉತ್ತರ ಕೊಡುತ್ತಾಳೆ. ಸಂಜೆ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿದೆ, ನೋಡಿ ಹೋಗಿ.

ಸಾಧನವನ್ನು ಶಾಲೆಯ ಎಲ್ಲ ಕಂಪ್ಯೂಟರುಗಳಲ್ಲೂ ಹಾಕಿದ್ದೇನೆ. ಹಳೆಯ ಯಂತ್ರಗಳಲ್ಲೂ ಓಡುತ್ತದೆ. ಒಂದು ವಿನಂತಿ ಮಾತ್ರ, ಆ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಗುಟ್ಟಾಗಿರಬಾರದು. ಶನಿವಾರ ಮಧ್ಯಾಹ್ನ ಮಕ್ಕಳಿಗೆ ಅದು ತೆರೆದಿರಲಿ.

ಕೊನೆಗೆ ಮಕ್ಕಳಿಗೊಂದು ಒಗಟು. ನಮ್ಮದೇ ನಿಯಮ: 34 ವ್ಯಂಜನಗಳ ಚಕ್ರ, ಉಳಿದದ್ದೆಲ್ಲ ಇದ್ದಲ್ಲೇ. ಎಷ್ಟು ಮನೆ ತಳ್ಳಿದ್ದೇನೆ ಎಂದು ಹೇಳುವುದಿಲ್ಲ, 33 ದಾರಿಗಳಿವೆ. ಕೊನೆಯ ಪದ ಕನ್ನಡದ ಹಾಗೆಯೇ ಕಾಣುತ್ತದೆ, ಅದನ್ನು ನಂಬಬೇಡಿ. ಬರೆದುಕೊಳ್ಳಿ.

ಊದಮ ಞಂದೆ ಶಾಳಿಙಿಮಖಳು ಹಾಳು?

ಬಿಡಿಸಿದವರು ಉತ್ತರವನ್ನು ವಿಜ್ಞಾನ ಮೇಡಂ ಕೈಗೆ ಕೊಡಿ, ಪಕ್ಕದವರಿಗೆ ಈಗಲೇ ಹೇಳಬೇಡಿ.